ರಿಪೋರ್ಟಿನ 3+ ಹಿಂದೆ: ಹರ್-2 ಜೀನ್ ಸ್ತನದ ಕೋಶವನ್ನು ಬದಲಿಸುವ ಬಗೆ

ಸ್ತನದ ಗಂಟಿನ ಬಯಾಪ್ಸಿ ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಮನೆಯವರು ಹುಡುಕುವುದು ಅಂಕಿಗಳನ್ನು. ಇಆರ್ (ಈಸ್ಟ್ರೊಜೆನ್ ರಿಸೆಪ್ಟರ್) ಇಷ್ಟು, ಪಿಆರ್ (ಪ್ರೊಜೆಸ್ಟೆರಾನ್ ರಿಸೆಪ್ಟರ್) ಇಷ್ಟು, ಕೋಶಗಳು ಎಷ್ಟು ಜೋರಾಗಿ ವಿಭಜನೆಯಾಗುತ್ತಿವೆ ಎಂದು ಹೇಳುವ ಕೆಐ-67 ಇಷ್ಟು ಪರ್ಸೆಂಟ್, ಕೊನೆಗೆ ಹರ್-2: 3+. ಬೆಂಗಳೂರಿನ ಯಾವುದೇ ಕ್ಯಾನ್ಸರ್ ಆಸ್ಪತ್ರೆಯ ಒಪಿಡಿ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ತ್ರೀ ಪ್ಲಸ್ ಅಂತೆ ಕಣೇ, ಮೂರನೇ ಸ್ಟೇಜು ಅಂತ ಕಾಣ್ಸುತ್ತೆ.”

ಎರಡಕ್ಕೂ ಸಂಬಂಧವೇ ಇಲ್ಲ. ಗಂಟು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಎಂದು ಹೇಳುವುದು ಸ್ಟೇಜ್. ಕ್ಯಾನ್ಸರ್ ಕೋಶದ ಅಂಚಿನಲ್ಲಿ ಹರ್-2 ಎಂಬ ಒಂದೇ ಒಂದು ಪ್ರೋಟೀನ್ ಎಷ್ಟು ದಟ್ಟವಾಗಿದೆ ಎಂದು ಹೇಳುವುದು 3+. ಒಂದು ಸೆಂಟಿಮೀಟರ್ ಕೂಡ ಇಲ್ಲದ ಗಂಟು 3+ ಇರಬಹುದು, ಲಿವರ್‌ವರೆಗೆ ಹರಡಿದ ಕಾಯಿಲೆಯಲ್ಲಿ ಅದು ಸೊನ್ನೆಯೂ ಇರಬಹುದು. ಒಂದು ಪ್ರೋಟೀನಿನ ಲೆಕ್ಕಕ್ಕೆ ರಿಪೋರ್ಟಿನಲ್ಲಿ ಇಷ್ಟು ಜಾಗ ಯಾಕೆ ಎಂದರೆ, ಅದು ಒಂದು ಹೆಚ್ಚಾದರೆ ಕೋಶದೊಳಗಿನ ನೂರಾರು ಬೇರೆ ಜೀನ್‌ಗಳ ಲೆಕ್ಕ ಏರುಪೇರಾಗುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20 ಪ್ರತಿಶತ ಹೀಗೆ ಹರ್-2 ಹೆಚ್ಚಾದ ಗುಂಪಿಗೆ ಸೇರುತ್ತವೆ. ಬೆಂಗಳೂರಿನ ಹೆಂಗಸರಲ್ಲಿ ಕಾಣುವ ಕ್ಯಾನ್ಸರ್‌ಗಳ ಪೈಕಿ ಸ್ತನದ್ದೇ ಮೊದಲ ಸ್ಥಾನದಲ್ಲಿರುವಾಗ ಇದು ಸಣ್ಣ ಸಂಖ್ಯೆಯೇನಲ್ಲ.

ನಾನು ಕೆಲಸ ಮಾಡುವುದು ಪ್ಯಾಥಾಲಜಿ ಲ್ಯಾಬ್‌ನಲ್ಲಿ, ಸ್ಲೈಡುಗಳ ನಡುವೆ. ಕೌಂಟರ್‌ನಲ್ಲಿ ನಿಂತು “ಮೇಡಂ, ಇದು ಒಳ್ಳೇದಾ, ಕೆಟ್ಟದ್ದಾ?” ಎಂದು ಕೇಳಿದವರಿಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಲು ಬರುವುದಿಲ್ಲ. ಇಲ್ಲಿ ಪುರುಸೊತ್ತಾಗಿ ಹೇಳುತ್ತೇನೆ.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಅದೇ ಡಿಎನ್‌ಎ. ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳು ಹಾಲಿನ ನಾಳದ ಒಳಗೋಡೆಯ ಕೋಶದಲ್ಲೂ ಇವೆ, ಅಂಗೈ ಚರ್ಮದ ಕೋಶದಲ್ಲೂ ಇವೆ. ಒಂದು ಹಾಲು ಸುರಿಸಬಲ್ಲದು, ಇನ್ನೊಂದು ಗಟ್ಟಿಯಾಗಿ ನಿಂತು ಮೈ ಕಾಯುತ್ತದೆ. ಯಾವ ಕೋಶ ಯಾವ ಜೀನನ್ನು ಎಷ್ಟರ ಮಟ್ಟಿಗೆ ಬಳಸುತ್ತದೆ ಎನ್ನುವುದರಲ್ಲಿ ಇದರ ಗುಟ್ಟಿದೆ. ಬಳಕೆಗೆ ಬಂದ ಜೀನಿನಿಂದ ಮೊದಲು ಮೆಸೆಂಜರ್ ಆರ್‌ಎನ್‌ಎ ಎಂಬ ನಕಲು ತಯಾರಾಗುತ್ತದೆ, ಆ ನಕಲನ್ನು ನೋಡಿಕೊಂಡು ಕೋಶ ಪ್ರೋಟೀನ್ ಕಟ್ಟುತ್ತದೆ. ಈ ಇಡೀ ವ್ಯವಹಾರಕ್ಕೆ ಜೀನ್ ಅಭಿವ್ಯಕ್ತಿ ಎಂದು ಹೆಸರು. ಒಂದು ಕೋಶದಲ್ಲಿ ಯಾವ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಒಟ್ಟಿಗೇ ಅಳೆದರೆ ಆ ಹೊತ್ತಿಗೆ ಕೋಶ ಏನು ಮಾಡುತ್ತಿದೆ ಎಂಬುದು ಸಾಕಷ್ಟು ತಿಳಿಯುತ್ತದೆ. ಈಗ ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಿಂದ 20,000 ಜೀನ್‌ಗಳನ್ನೂ ಒಂದೇ ಸಲಕ್ಕೆ ಎಣಿಸಬಹುದು.

ಹರ್-2 ಜೀನ್ ಇರುವುದು 17ನೇ ಕ್ರೋಮೋಸೋಮಿನ ಉದ್ದನೆಯ ತೋಳಿನಲ್ಲಿ. ಶಾಸ್ತ್ರೀಯ ಹೆಸರು ಇಆರ್‌ಬಿಬಿ2. ಅದು ಕಟ್ಟುವ ಪ್ರೋಟೀನ್ 1,255 ಅಮೈನೋ ಆಮ್ಲಗಳಷ್ಟು ಉದ್ದ. ಕೋಶದ ಪೊರೆಯನ್ನು ಅಡ್ಡಹಾಯ್ದು ನಿಲ್ಲುತ್ತದೆ: ದೊಡ್ಡ ಭಾಗ ಹೊರಗೆ, ಒಂದು ತುಣುಕು ಪೊರೆಯೊಳಗೆ, ಮಿಕ್ಕದ್ದು ಕೋಶದ ಒಳಕ್ಕೆ. ಒಳಭಾಗಕ್ಕೆ ಒಂದು ಕೆಲಸ ಗೊತ್ತು, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವುದು. ಇದು ರೋಗದ ಜೀನ್ ಎಂದು ಯಾರೂ ತಿಳಿಯಬೇಕಾಗಿಲ್ಲ. ಇದನ್ನು ತೆಗೆದುಹಾಕಿದ ಇಲಿಗಳು ಭ್ರೂಣಾವಸ್ಥೆಯಲ್ಲೇ ಹೃದಯ ಸರಿಯಾಗಿ ರೂಪುಗೊಳ್ಳದೆ ಸಾಯುತ್ತವೆ. ಮೈನೆರೆಯುವಾಗ ಸ್ತನದ ನಾಳಗಳು ಬೆಳೆದು ಕವಲೊಡೆಯುವುದಕ್ಕೂ ಇದು ಬೇಕು.

ಅಕ್ಷರ ತಪ್ಪಿಲ್ಲ, ಪ್ರತಿಗಳು ಜಾಸ್ತಿ

ಈ ಜೀನ್ ಮನುಷ್ಯರ ಕಣ್ಣಿಗೆ ಬಿದ್ದದ್ದು ಸ್ತನದಿಂದಲ್ಲ, ಇಲಿಯ ನರಮಂಡಲದ ಗೆಡ್ಡೆಯಿಂದ. 1980ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ ಇಂಥ ಗೆಡ್ಡೆಗಳ ಡಿಎನ್‌ಎಯನ್ನು ಸಾಮಾನ್ಯ ಕೋಶಗಳಿಗೆ ಸೇರಿಸಿ ಅವು ಕ್ಯಾನ್ಸರ್ ಕೋಶಗಳಂತೆ ವರ್ತಿಸುವುದನ್ನು ನೋಡುತ್ತಿತ್ತು. ಆ ಕೋಶಗಳ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವ ಪ್ರೋಟೀನನ್ನು 1982ರಲ್ಲಿ ಗುರುತಿಸಿದವರು ಅಲ್ಲಿದ್ದ ಭಾರತೀಯ ಸಂಶೋಧಕ ಲಕ್ಷ್ಮೀ ಚರಣ್ ಪಾಢಿ. ಜೀನಿಗೆ ‘ನ್ಯೂ’ ಎಂದು ಹೆಸರಿಟ್ಟರು. 1985ರಲ್ಲಿ ಜೆನೆನ್‌ಟೆಕ್ ಕಂಪನಿಯ ಆಕ್ಸೆಲ್ ಉಲ್‌ರಿಚ್ ಅವರ ತಂಡ ಮನುಷ್ಯರಲ್ಲಿ ಕಂಡ ಹರ್-2, ಇದೇ ಜೀನಿನ ಮಾನವ ರೂಪ ಎಂಬುದು ಸ್ಪಷ್ಟವಾಯಿತು.

ಇಲಿಯ ಗೆಡ್ಡೆಯಲ್ಲಿ ಈ ಜೀನ್ ನಿಜಕ್ಕೂ ಕೆಟ್ಟಿತ್ತು. ಒಂದೇ ಒಂದು ಅಕ್ಷರ ಬದಲಾಗಿ, ಪೊರೆಯೊಳಗಿನ ತುಣುಕಿನ ಒಂದು ಅಮೈನೋ ಆಮ್ಲ ಬೇರೆಯಾಗಿತ್ತು. ಸಹಜವಾಗಿಯೇ ಎಲ್ಲರೂ ಮನುಷ್ಯರಲ್ಲೂ ಅಂಥದ್ದೇ ತಪ್ಪನ್ನು ಹುಡುಕಿದರು. ಸಿಕ್ಕಿದ್ದು ಬೇರೆಯದು. 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ಮತ್ತು ಸಂಗಡಿಗರು 189 ಸ್ತನದ ಗೆಡ್ಡೆಗಳ ಡಿಎನ್‌ಎ ಪರೀಕ್ಷಿಸಿದಾಗ ಸುಮಾರು 30 ಪ್ರತಿಶತದಲ್ಲಿ ಹರ್-2 ಜೀನಿನ ಪ್ರತಿಗಳು ಹೆಚ್ಚಾಗಿದ್ದವು, ಕೆಲವದರಲ್ಲಿ 20 ಪಟ್ಟಿಗೂ ಮೇಲೆ. ಹಾಗೆ ಹೆಚ್ಚಾಗಿದ್ದ ಹೆಂಗಸರಲ್ಲಿ ಕಾಯಿಲೆ ಬೇಗ ಮರುಕಳಿಸಿತ್ತು, ಆಯಸ್ಸೂ ಕಡಿಮೆಯಾಗಿತ್ತು. (ಇಂದಿನ ದೊಡ್ಡ ಸಮೀಕ್ಷೆಗಳಲ್ಲಿ ಪ್ರಮಾಣ ಆಗಿನದಕ್ಕಿಂತ ಕಡಿಮೆ, ಮೇಲೆ ಹೇಳಿದ 15–20ರ ಆಸುಪಾಸು.) ಜೀನಿನ ಅಕ್ಷರಗಳನ್ನು ಓದಿದರೆ ಬಹುಪಾಲು ಗೆಡ್ಡೆಗಳಲ್ಲಿ ಅವು ಸರಿಯಾಗಿಯೇ ಇದ್ದವು. ನನ್ನ ಮಟ್ಟಿಗೆ ಹರ್-2ರ ಕಥೆಯಲ್ಲಿ ಅತ್ಯಂತ ವಿಚಿತ್ರ ಸಂಗತಿ ಇದೇ. ಯಾವುದೂ ಹಾಳಾಗಿಲ್ಲ, ಆದರೂ ಎಲ್ಲವೂ ಹಳಿ ತಪ್ಪಿದೆ.

ಪ್ರತಿಗಳು ಹೆಚ್ಚುವುದು ಹೇಗೆ? ಕೋಶ ಒಡೆದು ಎರಡಾಗುವ ಮುನ್ನ ಡಿಎನ್‌ಎ ಪೂರ್ತಿ ಒಂದು ಸಲ ನಕಲಾಗಬೇಕು. ಕ್ರೋಮೋಸೋಮ್ ತುಂಡಾಗಿ, ತಪ್ಪಾಗಿ ಅಂಟಿಕೊಂಡು, ಮುಂದಿನ ವಿಭಜನೆಯಲ್ಲಿ ಎಳೆದಾಟಕ್ಕೆ ಸಿಕ್ಕಿ ಮತ್ತೆ ತುಂಡಾದರೆ, ಅದೇ ಜಾಗದ ಡಿಎನ್‌ಎ ಒಂದರ ಪಕ್ಕ ಒಂದು ಪೇರಿಸಿಕೊಳ್ಳುತ್ತಾ ಹೋಗುತ್ತದೆ. ಇದು ಯಾದೃಚ್ಛಿಕ ಅವಘಡ. ಆದರೆ ಹರ್-2 ಹೆಚ್ಚಾದ ಕೋಶ ಉಳಿದವಕ್ಕಿಂತ ಬೇಗ ಸಂಖ್ಯೆ ಬೆಳೆಸಿಕೊಳ್ಳುವುದರಿಂದ ಕೊನೆಗೆ ಗೆಡ್ಡೆಯ ತುಂಬ ಅದರ ಸಂತಾನವೇ ಉಳಿಯುತ್ತದೆ. ಪಕ್ಕದ ಜೀನ್‌ಗಳೂ ಜೊತೆಯಲ್ಲೇ ಹೆಚ್ಚುತ್ತವೆ. ಜಿಆರ್‌ಬಿ7, ಸ್ಟಾರ್ಡ್3 ಎಂಬ ನೆರೆಯವು ಸಾಮಾನ್ಯವಾಗಿ ಹರ್-2 ಜತೆಗೇ ಏರಿರುತ್ತವೆ.

ಲೆಕ್ಕ ನೋಡಿ. ಸಾಮಾನ್ಯ ಕೋಶದಲ್ಲಿ ಹರ್-2 ಜೀನ್ ಎರಡೇ ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಹರ್-2 ಹೆಚ್ಚಾದ ಗೆಡ್ಡೆಯಲ್ಲಿ ಇದು 25, 50ರವರೆಗೂ ಹೋಗಬಹುದು. ಕೋಶದ ಮೈಮೇಲಿನ ಹರ್-2 ಪ್ರೋಟೀನು ಹತ್ತಾರು ಸಾವಿರದಿಂದ 20 ಲಕ್ಷದವರೆಗೆ ಏರಬಹುದು.

ಮುಟ್ಟಿದ್ದೇ ಸಂದೇಶ

ಹರ್-2ಗೆ ಮೂವರು ಒಡಹುಟ್ಟುಗಳಿವೆ: ಹರ್-1, ಹರ್-3, ಹರ್-4. ಅವು ಹೊರಗಿನಿಂದ ಬರುವ ಬೆಳವಣಿಗೆಯ ಸಂದೇಶದ ಅಣುವನ್ನು ಹಿಡಿದುಕೊಂಡ ಮೇಲಷ್ಟೇ ಆಕಾರ ಬದಲಿಸಿ, ಇನ್ನೊಂದರ ಜೊತೆ ಜೋಡಿಯಾಗಲು ಅಣಿಯಾಗುತ್ತವೆ. ಜೋಡಿಯಾದಾಗ ಒಳಗಿನ ತುದಿಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ, ಅದೇ ಕೋಶದೊಳಗಿನ ಕೆಲಸಕ್ಕೆ ಚಾಲನೆ. ಹರ್-2 ಕಥೆಯೇ ಬೇರೆ. ಅದನ್ನು ಹುಡುಕಿಕೊಂಡು ಬರುವ ಸಂದೇಶದ ಅಣು ಯಾವುದೂ ಇಲ್ಲ. ಅದರ ಹೊರಭಾಗ ಸದಾ ಜೋಡಿಯಾಗಲು ತೆರೆದುಕೊಂಡೇ ಇರುತ್ತದೆ ಎಂದು 2003ರಲ್ಲಿ ಬಂದ, ಪ್ರೋಟೀನಿನ ಆಕಾರ ತೋರಿಸುವ ಸ್ಫಟಿಕ ರಚನೆಗಳು ತೋರಿಸಿದವು.

ಬೆಳಗಿನ ಜಾವದ ಲಾಲ್‌ಬಾಗಿನಲ್ಲಿ ಇಬ್ಬರು ಕೈಕುಲುಕಬೇಕಾದರೆ ಒಬ್ಬರು ಇನ್ನೊಬ್ಬರನ್ನು ಗುರುತು ಹಿಡಿಯಬೇಕು. ಸಂಜೆ ಆರರ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಗುರುತು ಪರಿಚಯ ಏನೂ ಬೇಡ, ಮೈಗೆ ಮೈ ತಾಗಿಯೇ ತೀರುತ್ತದೆ. 20 ಲಕ್ಷ ಹರ್-2 ಇರುವ ಪೊರೆಯ ಮೇಲೆ ಆಗುವುದು ಇಷ್ಟೇ. ಹೊರಗಿನಿಂದ ‘ಬೆಳೆ’ ಎಂಬ ಸಂದೇಶ ಬರದಿದ್ದರೂ ಜೋಡಿಗಳು ಉಂಟಾಗುತ್ತಲೇ ಇರುತ್ತವೆ, ಬಿಟ್ಟೂಬಿಡದೆ. ಅದರಲ್ಲೂ ಹರ್-2 ಮತ್ತು ಹರ್-3 ಸೇರಿದ ಜೋಡಿ ತುಂಬ ಜೋರು. ಹರ್-3ಗೆ ಸ್ವಂತವಾಗಿ ಫಾಸ್ಫೇಟ್ ಅಂಟಿಸುವ ತ್ರಾಣ ಇಲ್ಲವೇ ಇಲ್ಲ ಎನ್ನಬಹುದು; ಆದರೆ ಅದರ ಬಾಲದಲ್ಲಿ ಪಿಐ3-ಕೈನೇಸ್ ಎಂಬ ಕಿಣ್ವ ಬಂದು ಕೂರುವ ಜಾಗಗಳು ಹಲವು. ಹರ್-2 ಅಂಟಿಸುತ್ತದೆ, ಹರ್-3 ಜಾಗ ಕೊಡುತ್ತದೆ.

ಇಲ್ಲಿಂದ ಸುದ್ದಿ ಕೋಶಕೇಂದ್ರಕ್ಕೆ ಹೋಗಬೇಕು, ಯಾಕೆಂದರೆ ಜೀನ್‌ಗಳು ಇರುವುದು ಅಲ್ಲಿ. ಮುಖ್ಯ ದಾರಿ ಎರಡು.

ಒಂದು ರಾಸ್, ರಾಫ್, ಮೆಕ್, ಅರ್ಕ್ ಎಂಬ ಪ್ರೋಟೀನುಗಳ ಸಾಲು. ಒಂದು ಇನ್ನೊಂದನ್ನು ಎಬ್ಬಿಸುತ್ತಾ ಬಂದು ಕೊನೆಗೆ ಅರ್ಕ್ ಕೋಶಕೇಂದ್ರದೊಳಕ್ಕೆ ನುಗ್ಗುತ್ತದೆ. ಅಲ್ಲಿ ಡಿಎನ್‌ಎ ಮೇಲೆ ಕೂತು ಯಾವ ಜೀನ್ ಬಳಕೆಗೆ ಬರಬೇಕೆಂದು ನಿರ್ಧರಿಸುವ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಫಾಸ್ ಎಂಬಂಥ ಜೀನ್‌ಗಳ ಆರ್‌ಎನ್‌ಎ ಏರುತ್ತದೆ. ಫಾಸ್ ತಾನೇ ಜೀನ್‌ಗಳನ್ನು ನಡೆಸುವ ಪ್ರೋಟೀನು, ಅದು ಎರಡನೇ ಸುತ್ತಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಅವುಗಳಲ್ಲಿ ಸೈಕ್ಲಿನ್ ಡಿ1 ಮುಖ್ಯ. ಕೋಶ ವಿಭಜನೆಯ ಮೊದಲ ಹೆಜ್ಜೆ ಇಡಬೇಕಾದರೆ ಇದು ಇರಲೇಬೇಕು. ಮಿಕ್ ಎಂಬ ಇನ್ನೊಂದು ಪ್ರೋಟೀನು ಸಾಮಾನ್ಯವಾಗಿ ಹುಟ್ಟಿದ ಅರ್ಧ ಗಂಟೆಯಲ್ಲಿ ಕರಗಿಹೋಗುವಂಥದ್ದು. ಅರ್ಕ್ ಅಂಟಿಸುವ ಫಾಸ್ಫೇಟಿನಿಂದ ಅದರ ಆಯಸ್ಸು ಹೆಚ್ಚುತ್ತದೆ. ಮಿಕ್ ಉಳಿದಷ್ಟೂ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳನ್ನು ಕಟ್ಟುವ ಜೀನ್‌ಗಳು, ಕೋಶದ ಗಾತ್ರ ಮತ್ತು ಶಕ್ತಿಗೆ ಬೇಕಾದ ಜೀನ್‌ಗಳು ಮೇಲೇರುತ್ತವೆ.

ಎರಡನೇ ದಾರಿ ಪಿಐ3-ಕೈನೇಸ್‌ನಿಂದ ಎಕೆಟಿ ಎಂಬ ಪ್ರೋಟೀನಿಗೆ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಯಾಕೆಂದರೆ ಮುಂದೆ ಔಷಧದ ಮಾತು ಬಂದಾಗ ಎಲ್ಲವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕೋಶಕೇಂದ್ರದಲ್ಲಿ ಫಾಕ್ಸೋ ಎಂಬ ಪ್ರೋಟೀನು ಕೂತಿರುತ್ತದೆ. ಸುಮ್ಮನಿರುವ ಕೋಶದಲ್ಲಿ ಅದು ಪಿ27 ಎಂಬ ಜೀನನ್ನು ಬಳಕೆಯಲ್ಲಿ ಇಡುತ್ತದೆ. ಪಿ27 ಕೋಶ ವಿಭಜನೆಯನ್ನು ತಡೆಹಿಡಿಯುತ್ತದೆ. ಬಿಮ್ ಎಂಬ ಜೀನನ್ನೂ ಬಳಕೆಯಲ್ಲಿ ಇಡುತ್ತದೆ. ಬಿಮ್ ಇದ್ದರೆ ಜಾಗ ತಪ್ಪಿದ ಕೋಶ ತಾನಾಗಿಯೇ ಸಾಯುತ್ತದೆ. ಈಸ್ಟ್ರೊಜೆನ್ ರಿಸೆಪ್ಟರ್ ಜೀನನ್ನು ಎತ್ತಿಹಿಡಿಯುವುದರಲ್ಲೂ ಫಾಕ್ಸೋ ಪಾಲಿದೆ. ಹರ್-2 ಜೋರಾದಾಗ ಎಕೆಟಿ ಬಂದು ಫಾಕ್ಸೋಗೆ ಫಾಸ್ಫೇಟ್ ಅಂಟಿಸುತ್ತದೆ, ಫಾಕ್ಸೋ ಕೋಶಕೇಂದ್ರ ಬಿಟ್ಟು ಹೊರಗೆ ಬರುತ್ತದೆ. ಅಲ್ಲಿಗೆ ಪಿ27 ಇಳಿಯಿತು, ಬಿಮ್ ಇಳಿಯಿತು, ಈಸ್ಟ್ರೊಜೆನ್ ರಿಸೆಪ್ಟರ್ ಕೂಡ ಇಳಿಮುಖ. ಹರ್-2 ಪಾಸಿಟಿವ್ ಗೆಡ್ಡೆಗಳಲ್ಲಿ ಇಆರ್ ಅಂಕಿ ಕಡಿಮೆ ಅಥವಾ ಸೊನ್ನೆ ಇರುವುದು ಸಾಮಾನ್ಯ ಎಂಬುದಕ್ಕೆ ಒಂದು ಕಾರಣ ಇದು. ರಿಪೋರ್ಟಿನ ಎರಡು ಬೇರೆ ಬೇರೆ ಸಾಲುಗಳು ಒಳಗೆ ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತವೆ.

ಏರಿದ ಜೀನ್‌ಗಳ ಪಟ್ಟಿ ಎದುರಿಗಿಟ್ಟುಕೊಂಡು ‘ಇವೆಲ್ಲ ಕ್ಯಾನ್ಸರ್ ತರುವ ಜೀನ್‌ಗಳು’ ಎಂದು ಬರೆಯುವುದು ಪತ್ರಿಕೆಗಳಲ್ಲಿ ರೂಢಿ. ಇದನ್ನು ಒಪ್ಪಲಾಗದು. ಆ ಪಟ್ಟಿಯಲ್ಲಿ ಡಸ್ಪ್6, ಸ್ಪ್ರೌಟಿ ಎಂಬಂಥ ಹೆಸರುಗಳೂ ಇರುತ್ತವೆ. ಅವುಗಳ ಕೆಲಸ ಅರ್ಕ್ ದಾರಿಯನ್ನು ತಗ್ಗಿಸುವುದು. ಅರ್ಕ್ ಏರಿದ ಕೂಡಲೇ ಕೋಶ ತಾನಾಗಿಯೇ ಅವನ್ನು ಹೆಚ್ಚಿಸಿ, ಅತಿರೇಕಕ್ಕೆ ಹೋಗದಂತೆ ನೋಡಿಕೊಳ್ಳಲು ಹೆಣಗುತ್ತದೆ. ಹರ್-2 ಅದನ್ನೂ ಮೀರಿ ಹೋಗುತ್ತದೆ ಅನ್ನುವುದು ಬೇರೆ ಮಾತು. ಅಂದರೆ ಒಂದು ಜೀನಿನ ಅಭಿವ್ಯಕ್ತಿ ಹೆಚ್ಚಾಗಿದೆ ಎಂದ ಮಾತ್ರಕ್ಕೆ ಅದು ತಪ್ಪಿತಸ್ಥ ಆಗುವುದಿಲ್ಲ, ಕೆಲವು ಜೀನ್‌ಗಳು ತಡೆಯಲು ಬಂದವು.

ಹಾಗಿದ್ದರೆ ಯಾವುದು ಹರ್-2 ಮಾಡಿದ್ದು, ಯಾವುದು ಜೊತೆಯಲ್ಲಿ ಆದದ್ದು ಎಂದು ಬಿಡಿಸುವುದು ಹೇಗೆ? ರೋಗಿಯ ಗೆಡ್ಡೆಯಲ್ಲಿ ಬಿಡಿಸುವುದು ಕಷ್ಟ, ಅಲ್ಲಿ ವರ್ಷಗಟ್ಟಲೆ ನಡೆದ ನೂರು ಅವಘಡಗಳು ಒಟ್ಟಿಗೇ ಇರುತ್ತವೆ. ಅದಕ್ಕೇ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಇಲ್ಲದ ಸ್ತನದ ಕೋಶ ತೆಗೆದುಕೊಂಡು, ಅದರಲ್ಲಿ ಹರ್-2 ಒಂದನ್ನೇ ಜೋರು ಮಾಡಿ, ಮೊದಲು–ನಂತರ ಹೋಲಿಸುತ್ತಾರೆ. ಜಗತ್ತಿನಾದ್ಯಂತ ಇದಕ್ಕೆ ಬಳಸುವುದು ಎಂಸಿಎಫ್-10ಎ ಎಂಬ ಕೋಶಗಳನ್ನು. ಕ್ಯಾನ್ಸರ್ ಇಲ್ಲದ, ಗಂಟುಗಂಟಾದ ಸ್ತನದ ತೊಂದರೆಯಿದ್ದ ಮಹಿಳೆಯೊಬ್ಬರಿಂದ 1980ರ ದಶಕದಲ್ಲಿ ಅಮೆರಿಕದಲ್ಲಿ ಪಡೆದವು. ಮೃದುವಾದ ಜೆಲ್ಲಿನೊಳಗೆ ಬೆಳೆಸಿದರೆ ಇವು ಒಂದು ಪದರದ ಟೊಳ್ಳು ಗೋಳ ಕಟ್ಟಿಕೊಂಡು ನಿಲ್ಲುತ್ತವೆ, ಸ್ತನದ ನಾಳದ ತುದಿಯ ಪುಟ್ಟ ಚೀಲ ಹೇಗಿರುತ್ತದೋ ಹಾಗೆ. ಒಳಗೆ ಸಿಕ್ಕಿಕೊಂಡ ಕೋಶಗಳು ಬಿಮ್ ಏರಿ ಸಾಯುವುದರಿಂದಲೇ ನಡುವೆ ಟೊಳ್ಳು ಉಂಟಾಗುವುದು.

2001ರಲ್ಲಿ ಸೆಂಥಿಲ್ ಮುತ್ತುಸ್ವಾಮಿ, ಜೋನ್ ಬ್ರೂಗ್ ಮತ್ತು ಸಂಗಡಿಗರು ಹೀಗೆ ಬೆಳೆದು ನಿಂತ ಗೋಳಗಳಲ್ಲಿ ಹರ್-2ನ್ನು ಎಬ್ಬಿಸಿ ನೋಡಿದರು. ವಿಭಜನೆ ನಿಲ್ಲಿಸಿದ್ದ ಕೋಶಗಳು ಮತ್ತೆ ವಿಭಜನೆಗೆ ಇಳಿದವು. ಮೇಲೆ ಯಾವುದು, ಕೆಳಗೆ ಯಾವುದು ಎಂಬ ಅವುಗಳ ಪರಿವೆ ತಪ್ಪಿತು. ಟೊಳ್ಳು ತುಂಬಿಹೋಯಿತು. ಅದೇ ರೀತಿ ಹರ್-1 ಎಬ್ಬಿಸಿದಾಗ ಹೀಗಾಗಲಿಲ್ಲ. ಇನ್ನೂ ಒಂದು ವಿಷಯವನ್ನು ಗಮನಿಸಬೇಕು: ಟೊಳ್ಳು ತುಂಬಿದರೂ ಕೋಶಗಳು ಸುತ್ತಲಿನ ಜೆಲ್ಲಿಗೆ ನುಗ್ಗಲಿಲ್ಲ. ಹರ್-2 ಒಂದರಿಂದ ನಾಳದೊಳಗೆ ತುಂಬುವವರೆಗೆ ಬಂತು, ಗೋಡೆ ದಾಟುವುದಕ್ಕೆ ಇನ್ನೇನೋ ಬೇಕಿತ್ತು.

ನಮ್ಮ ಮೈಕ್ರೋಸ್ಕೋಪಿನಲ್ಲಿ ಇದರ ನಿಜರೂಪ ಕಾಣುತ್ತದೆ. ಡಿಸಿಐಎಸ್ ಎಂದು ರಿಪೋರ್ಟಿನಲ್ಲಿ ಬರೆಯುತ್ತಾರಲ್ಲ, ನಾಳದ ಒಳಗೇ ಉಳಿದ ಕ್ಯಾನ್ಸರ್, ಅದರಲ್ಲಿ ನಾಳದ ಟೊಳ್ಳು ಕೋಶಗಳಿಂದ ಗಿಜಿಗುಟ್ಟುತ್ತಿರುತ್ತದೆ, ಹೊರಗೋಡೆ ಇನ್ನೂ ಭದ್ರವಾಗಿರುತ್ತದೆ. ಹೈ ಗ್ರೇಡ್ ಡಿಸಿಐಎಸ್‌ನಲ್ಲಿ ಹರ್-2 ಹೆಚ್ಚಾಗಿರುವುದು, ಗೋಡೆ ದಾಟಿದ ಕ್ಯಾನ್ಸರ್‌ಗಿಂತಲೂ ಜಾಸ್ತಿ ಸಲ ಕಂಡುಬರುತ್ತದೆ.

ಬೆಂಗಳೂರಿನಲ್ಲೂ ಈ ಬಗೆಯ ಕೆಲಸ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಅಧ್ಯಯನ ನಡೆಸುವ ಅನ್ನಪೂರ್ಣಿ ರಂಗರಾಜನ್ ಹಿಂದೆ ಸಂಶೋಧನೆ ಮಾಡಿದ್ದು ಇದೇ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ.

2000ದಲ್ಲಿ ಚಾರ್ಲ್ಸ್ ಪೆರು ಮತ್ತು ಸಂಗಡಿಗರು ಸ್ತನದ ಗೆಡ್ಡೆಗಳ ಸಾವಿರಾರು ಜೀನ್‌ಗಳ ಅಭಿವ್ಯಕ್ತಿಯನ್ನು ಒಟ್ಟಿಗೆ ಅಳೆದು, ಹೋಲುವವನ್ನು ಗುಂಪು ಮಾಡಿದರು. ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಎಂಬ ಎಣಿಕೆ ಅಲ್ಲಿಗೆ ಕುಸಿಯಿತು. ಹರ್-2 ಮತ್ತು ಅದರ ನೆರೆಯ ಜೀನ್‌ಗಳು ಏರಿದ ಗೆಡ್ಡೆಗಳದ್ದೇ ಒಂದು ಗುಂಪಾಯಿತು. ಆದರೆ ಲ್ಯಾಬ್‌ನಲ್ಲಿ 3+ ಬಂದ ಎಲ್ಲ ಗೆಡ್ಡೆಗಳೂ ಈ ಗುಂಪಿಗೆ ಬೀಳುವುದಿಲ್ಲ. ಕೆಲವು ಈಸ್ಟ್ರೊಜೆನ್ ನೆಚ್ಚಿಕೊಂಡ ಗೆಡ್ಡೆಗಳ ಗುಂಪಿನಲ್ಲಿ ಸೇರುತ್ತವೆ. ಒಂದೇ 3+ ಇರುವ ಇಬ್ಬರು ಹೆಂಗಸರಿಗೆ ಔಷಧ ಒಂದೇ ರೀತಿ ಹಿಡಿಯದಿರುವುದಕ್ಕೆ ಇದೂ ಕಾರಣ.

ತಡೆದಾಗ ಏನಾಗುತ್ತದೆ

ಹರ್-2 ಹೊರಭಾಗಕ್ಕೆ ಅಂಟಿಕೊಳ್ಳುವ ಆಂಟಿಬಾಡಿ ಟ್ರಾಸ್ಟುಜುಮ್ಯಾಬ್. ಅಮೆರಿಕದಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಪಡೆಯಿತು. ಅದು ಹರ್-2 ಮೈಗೆ ಅಂಟಿ ಹರ್-3 ಜೊತೆಗಿನ ಜೋಡಿ ಬಿಡಿಸುತ್ತದೆ, ರೋಗನಿರೋಧಕ ಕೋಶಗಳಿಗೆ ಈ ಕೋಶವನ್ನು ತೋರಿಸಿಕೊಡುತ್ತದೆ. ಕೀಮೋ ಜೊತೆ ಇದನ್ನು ಸೇರಿಸಿದ ಮೇಲೆ ಹರ್-2 ಪಾಸಿಟಿವ್ ಎಂಬ ಮಾತಿನ ಅರ್ಥವೇ ತಿರುಗಿಬಿತ್ತು. 1987ರಲ್ಲಿ ಕೆಟ್ಟ ಸುದ್ದಿಯಾಗಿದ್ದ ಸಾಲು ಇವತ್ತು ‘ಇದಕ್ಕೆ ಗುರಿಯಿಟ್ಟು ಕೊಡುವ ಔಷಧ ಇದೆ’ ಎಂಬ ಸುದ್ದಿ. ಕೌಂಟರ್‌ನಲ್ಲಿ ಕೇಳುವ ‘ಒಳ್ಳೇದಾ, ಕೆಟ್ಟದ್ದಾ’ ಎಂಬ ಪ್ರಶ್ನೆಗೆ ನನಗೆ ಉತ್ತರ ಕಷ್ಟವಾಗುವುದು ಇದರಿಂದಲೇ. ಬೆಲೆಯದ್ದೇ ದೊಡ್ಡ ತಲೆನೋವಾಗಿತ್ತು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಇದರ ಬಯೋಸಿಮಿಲರ್ (ಮೂಲ ಔಷಧವನ್ನು ಹೋಲುವ, ಬೇರೆ ಕಂಪನಿ ತಯಾರಿಸಿದ ರೂಪ) 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಮೈಲಾನ್ ಕಂಪನಿ ಜೊತೆ ಸೇರಿ ಮಾಡಿದ ಅದೇ ಔಷಧಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್‌ಗೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು.

ಈ ಇಂಜೆಕ್ಷನ್ ಕೊಡುವಾಗ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಲು ಹೇಳುತ್ತಾರೆ. “ಕಾಯಿಲೆ ಎದೇಲಿ, ಹಾರ್ಟ್ ಟೆಸ್ಟ್ ಯಾಕೆ?” ಎಂದು ಗೊಣಗುವವರಿದ್ದಾರೆ. ಹೃದಯದ ಸ್ನಾಯುಕೋಶಗಳಿಗೂ ಹರ್-2 ಬೇಕು, ಅದನ್ನು ತಡೆದರೆ ಕೆಲವರಲ್ಲಿ ಹೃದಯದ ಪಂಪು ಕುಗ್ಗುತ್ತದೆ. ಬೇಗ ಗೊತ್ತಾದರೆ ಔಷಧ ನಿಲ್ಲಿಸಿ ಸರಿಪಡಿಸಲು ಸಾಧ್ಯ, ಎಕೋ ತಪ್ಪಿಸಬಾರದು.

ಈಗ ಫಾಕ್ಸೋ ಕಡೆಗೆ ಹಿಂತಿರುಗೋಣ. ಹರ್-2 ದಾರಿಯನ್ನು ಔಷಧದಿಂದ ಕಟ್ಟಿದೆವು, ಎಕೆಟಿ ಸುಮ್ಮನಾಯಿತು, ಫಾಕ್ಸೋ ಕೋಶಕೇಂದ್ರಕ್ಕೆ ವಾಪಸ್ ಬಂತು. ಪಿ27 ಏರಿತು, ಬಿಮ್ ಏರಿತು, ಕೋಶಗಳು ವಿಭಜನೆ ನಿಲ್ಲಿಸಿದವು, ಕೆಲವು ಸತ್ತವು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಫಾಕ್ಸೋ ಎಬ್ಬಿಸುವ ಜೀನ್‌ಗಳಲ್ಲಿ ಹರ್-3 ಕೂಡ ಒಂದು. ಹರ್-3 ಹೆಚ್ಚಾದರೆ, ಉಳಿದ ಅಲ್ಪಸ್ವಲ್ಪ ಹರ್-2 ಜೊತೆ ಸೇರಿ ಅದು ಮತ್ತೆ ಪಿಐ3-ಕೈನೇಸನ್ನು ಎಬ್ಬಿಸಬಲ್ಲದು. ಈಸ್ಟ್ರೊಜೆನ್ ರಿಸೆಪ್ಟರ್ ಕೂಡ ಮರಳಿ ಏರಬಹುದು, ಆಗ ಕೋಶ ಹರ್-2 ಬಿಟ್ಟು ಈಸ್ಟ್ರೊಜೆನ್ ನೆಚ್ಚಿಕೊಂಡು ಬದುಕುತ್ತದೆ. ಔಷಧ ಕೆಲಸ ಮಾಡಿದ್ದರ ಫಲವೇ ಔಷಧದಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಡಾಕ್ಟರು ಒಂದರ ಜೊತೆ ಇನ್ನೊಂದು ಔಷಧ ಬರೆಯುವುದು ಸುಮ್ಮನೆ ಬಿಲ್ ಬೆಳೆಸುವುದಕ್ಕಲ್ಲ. ಪರ್ಟುಜುಮ್ಯಾಬ್ ಹರ್-2 ಮೈಯ ಬೇರೆ ಜಾಗಕ್ಕೆ, ಅದು ಜೋಡಿಯಾಗುವ ಜಾಗಕ್ಕೇ ಅಂಟುತ್ತದೆ. ಇಆರ್ ಕೂಡ ಪಾಸಿಟಿವ್ ಇದ್ದವರಿಗೆ ಹಾರ್ಮೋನ್ ಮಾತ್ರೆಯನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ.

ಇಲಿಗಳಲ್ಲೂ ಇದನ್ನು ನೋಡಿದ್ದಾರೆ. ಬೇಕೆಂದಾಗ ನ್ಯೂ ಜೀನನ್ನು ಎಬ್ಬಿಸಿ, ಬೇಡವೆಂದಾಗ ಸುಮ್ಮನಾಗಿಸಬಹುದಾದ ಇಲಿಗಳಲ್ಲಿ, ಜೀನ್ ನಿಲ್ಲಿಸಿದಾಗ ದೊಡ್ಡ ಗೆಡ್ಡೆಗಳೂ ಕರಗಿದವು. ಎಷ್ಟೋ ಇಲಿಗಳಲ್ಲಿ ತಿಂಗಳುಗಳ ಮೇಲೆ ಗೆಡ್ಡೆ ಮತ್ತೆ ಬಂತು, ಈ ಸಲ ನ್ಯೂ ಜೀನಿನ ಹಂಗೇ ಇಲ್ಲದೆ.

ಇನ್ನು 3+ ಎಂದು ಬರೆಯುವ ಬಗೆ. ಬಯಾಪ್ಸಿ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ, ಕೆಲವೇ ಮೈಕ್ರಾನ್ ದಪ್ಪಕ್ಕೆ ಹೆರೆದು, ಹರ್-2ಗೆ ಅಂಟುವ ಆಂಟಿಬಾಡಿ ಹಾಕುತ್ತೇವೆ. ಅಂಟಿದ ಕಡೆ ಕಂದು ಬಣ್ಣ ಬರುತ್ತದೆ, ಕೋಶಕೇಂದ್ರಗಳಿಗೆ ನೀಲಿ. 10 ಪ್ರತಿಶತಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳಲ್ಲಿ ಅಂಚಿನ ಸುತ್ತ ಎಲ್ಲೂ ತುಂಡಾಗದಂತೆ ಗಾಢ ಕಂದು ಗೆರೆ ಇದ್ದರೆ 3+. ಗೆರೆ ಸುತ್ತ ಇದೆ, ಆದರೆ ಮಸುಕು ಎಂದರೆ 2+. ಆಗ ಫಿಶ್ ಎಂಬ, ಜೀನಿನ ಪ್ರತಿಗಳನ್ನೇ ಎಣಿಸುವ ಪರೀಕ್ಷೆ ಮಾಡಬೇಕು. ಕತ್ತಲೆ ಕೋಣೆಯಲ್ಲಿ ಫ್ಲೋರೊಸೆಂಟ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಪ್ರತಿ ನೀಲಿ ಕೋಶಕೇಂದ್ರದಲ್ಲೂ ಹಸಿರು ಚುಕ್ಕಿ, ಕೆಂಪು ಚುಕ್ಕಿ. ಹಸಿರು 17ನೇ ಕ್ರೋಮೋಸೋಮಿನ ನಡುಭಾಗ, ಕೆಂಪು ಹರ್-2 ಜೀನ್. ಎರಡು ಹಸಿರು, ಎರಡು ಕೆಂಪು ಇದ್ದರೆ ಸಾಮಾನ್ಯ. ಎರಡು ಹಸಿರಿನ ಪಕ್ಕ ಕೆಂಪು ಚುಕ್ಕಿಗಳು ಎಣಿಸಲಾಗದಷ್ಟು ಮುದ್ದೆಯಾಗಿದ್ದರೆ ಲೆಕ್ಕ ಹಾಕುವ ಮೊದಲೇ ಗೊತ್ತಾಗಿಬಿಡುತ್ತದೆ. ಆದರೂ ಕನಿಷ್ಠ 20 ಕೋಶಗಳನ್ನು ಎಣಿಸುತ್ತೇವೆ. ಹಸಿರಿನ ಎರಡರಷ್ಟೋ ಅದಕ್ಕಿಂತ ಹೆಚ್ಚೋ ಕೆಂಪು ಇದ್ದು, ಕೋಶಕ್ಕೆ ಸರಾಸರಿ ನಾಲ್ಕಾದರೂ ಕೆಂಪು ಇದ್ದರೆ ಪಾಸಿಟಿವ್.

ಇಷ್ಟೆಲ್ಲ ಮಾಡಿಯೂ ಫಲಿತಾಂಶ ಹಾಳಾಗುವುದು ಬಹಳ ಸಲ ಲ್ಯಾಬ್‌ಗೆ ಬರುವ ಮೊದಲೇ. ಗಂಟು ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್‌ಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿ ನೆನೆಯಬೇಕು. ಊರಿನ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆಗಿ, ಸಲೈನ್ ಬಾಟಲಿಯಲ್ಲಿ ಇಟ್ಟು, ಬಸ್ಸಿನಲ್ಲಿ ಬೆಂಗಳೂರಿಗೆ ತಂದು ಕೊಟ್ಟ ತುಣುಕುಗಳನ್ನು ನೋಡಿದ್ದೇನೆ. ಪ್ರೋಟೀನು ಅಷ್ಟರಲ್ಲಿ ಹಾಳಾಗಿರುತ್ತದೆ. ಸೊನ್ನೆ ಬಂದರೆ ಅದು ನಿಜವಾದ ಸೊನ್ನೆಯೋ, ಸಲೈನಿನ ಸೊನ್ನೆಯೋ ಹೇಳುವವರಾರು?

‘ಮಗಳಿಗೂ ಬರುತ್ತಾ’ ಎಂಬ ಪ್ರಶ್ನೆ ಬೇಗ ಮುಗಿಯುತ್ತದೆ. ಹರ್-2 ಪ್ರತಿಗಳು ಹೆಚ್ಚುವುದು ಹುಟ್ಟಿದ ಮೇಲೆ, ಸ್ತನದ ಆ ಕೋಶದಲ್ಲಿ ಮಾತ್ರ. ಅದು ಅಂಡಾಣುವಿನಲ್ಲಿ ಇರುವುದಿಲ್ಲ, ಮಕ್ಕಳಿಗೆ ದಾಟುವುದಿಲ್ಲ. ಮನೆತನದಲ್ಲಿ ಬರುವ ಬ್ರಾಕಾ ಜೀನ್‌ಗಳ ದೋಷ ಬೇರೆ, ಅದಕ್ಕೆ ಬೇರೆ ರಕ್ತಪರೀಕ್ಷೆ ಇದೆ. ಅದು ಬೇಕೇ ಎಂಬುದನ್ನು ವಯಸ್ಸು, ಮನೆತನದ ಇತಿಹಾಸ ನೋಡಿ ಡಾಕ್ಟರು ಹೇಳುತ್ತಾರೆ.

1+ ಬಂದ ರಿಪೋರ್ಟುಗಳನ್ನು ಮೊದಲೆಲ್ಲ ‘ನೆಗೆಟಿವ್’ ಎಂದು ಬರೆದು ಬದಿಗಿಡುತ್ತಿದ್ದೆವು. 2022ರಲ್ಲಿ ಅದು ಬದಲಾಯಿತು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟಿಕ್ಯಾನ್ ಎಂಬ ಔಷಧ ಆಂಟಿಬಾಡಿಗೆ ಕೀಮೋ ಅಣುಗಳನ್ನು ಕಟ್ಟಿ ಕಳಿಸುತ್ತದೆ. ಇಲ್ಲಿ ಹರ್-2 ದಾರಿ ಕಟ್ಟುವುದು ಮುಖ್ಯವಲ್ಲ, ಕೋಶದೊಳಕ್ಕೆ ವಿಷ ಇಳಿಸಲು ಒಂದಷ್ಟು ಹರ್-2 ಮೈಮೇಲೆ ಇದ್ದರಾಯಿತು. ಹಾಗಾಗಿ ಹರಡಿದ ಕಾಯಿಲೆಯಲ್ಲಿ 1+, ಹಾಗೂ ಫಿಶ್ ನೆಗೆಟಿವ್ ಬಂದ 2+ ಇರುವವರಿಗೂ ಅಮೆರಿಕದಲ್ಲಿ ಆ ವರ್ಷ ಇದಕ್ಕೆ ಒಪ್ಪಿಗೆ ಸಿಕ್ಕಿತು. ಕಾಯಿಲೆ ಮರುಕಳಿಸಿದಾಗ ಹರ್-2 ಅಂಕಿ ಬದಲಾಗಿರುವುದೂ ಉಂಟು, ಹೊಸ ಜಾಗದಿಂದ ಬಯಾಪ್ಸಿ ಮಾಡಿಸಿ ಮತ್ತೆ ನೋಡಬೇಕು. ಹಳೆಯ ಮೇಣದ ಬ್ಲಾಕ್ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಇರುತ್ತದೆ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಅದನ್ನೂ ಕೇಳಿ ಪಡೆಯಬಹುದು. ರಿಪೋರ್ಟಿನ ಮೇಲಿರುವ ಬ್ಲಾಕ್ ನಂಬರ್ ಹೇಳಿ, ಸಹಿ ಹಾಕಿದರೆ ಕೊಡುತ್ತಾರೆ.